ಬೋರಿನ ನೀರಲ್ಲಿ ತೊಗರಿಬೇಳೆ ಬೇಯುವುದಿಲ್ಲ, ಎಂತ ಮಾಡುವುದು?

ಕುಂಬಳೆ ಅಡುಗೆಮನೆ ಕೇಳಿದ್ದು:

ಬಾವಿ ಬತ್ತಿದ ಮೇಲೆ ಅಡುಗೆಗೂ ಬೋರಿನ ನೀರೇ. ಅಂದಿನಿಂದ ತೊಗರಿಬೇಳೆ ಕುಕ್ಕರಿನಲ್ಲಿ 6 ವಿಸಿಲ್ ಕೂಗಿದರೂ ಕಾಳು ಕಾಳಾಗಿಯೇ ಇರ್ತದೆ, ಕೊದಿಲಿಗೆ (ಸಾಂಬಾರಿಗೆ) ಹಾಕಿದರೆ ತಳದಲ್ಲಿ ಕೂರ್ತದೆ. ಬೇಳೆಯದ್ದೇ ದೋಷವೋ, ನೀರಿನದ್ದೋ? ಉಪ್ಪು ಮೊದಲೇ ಹಾಕುವುದರಿಂದ ಹೀಗೆ ಆಗುವುದುಂಟಾ? ಇನ್ನೊಂದು, ಕುಚ್ಚಿಲಕ್ಕಿ ಬೇಯಲಿಕ್ಕೆ ಹತ್ತಿರ ಹತ್ತಿರ ಒಂದು ಗಂಟೆ ಗ್ಯಾಸ್ ಉರೀತದೆ. ಉರಿ ದೊಡ್ಡದು ಮಾಡಿದರೆ ಬೇಗ ಆಗ್ತದಾ?

ಪೆರ್ಲದ ಗುಡ್ಡೆ:

ಮೊದಲು ದೋಷ ಯಾವುದರದ್ದು ಎಂದು ಗೊತ್ತು ಮಾಡಿಕೊಳ್ಳಿ, ಒಂದೇ ದಿನದ ಕೆಲಸ. ಅದೇ ಡಬ್ಬದ ಬೇಳೆಯನ್ನು ಎರಡು ಪಾಲು ಮಾಡಿ. ಒಂದನ್ನು ಬೋರಿನ ನೀರಲ್ಲಿ, ಇನ್ನೊಂದನ್ನು ಆರ್‌ಒ ನೀರಲ್ಲೋ ಶೇಖರಿಸಿಟ್ಟ ಮಳೆನೀರಲ್ಲೋ, ಎರಡು ಸಣ್ಣ ಪಾತ್ರೆಯಲ್ಲಿ ಒಂದೇ ಕುಕ್ಕರಿನೊಳಗೆ ಇಡಿ. ಎರಡನೆಯದು ಮಾತ್ರ ಬೆಂದರೆ ನೀರಿನದ್ದು. ಎರಡೂ ಬೇಯದಿದ್ದರೆ ಬೇಳೆ ಹಳತು, ಅದಕ್ಕೆ ನೀರನ್ನು ಬಯ್ದು ಪ್ರಯೋಜನ ಇಲ್ಲ.

ನಮ್ಮ ಕಡೆ ಮುರಕಲ್ಲಿನ ಬಾವಿ, ಸುರಂಗಗಳ (ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದದ್ದು) ನೀರು ಸಾಧಾರಣವಾಗಿ ಮೆದು. ಬೋರು ಆಳದ ಬಂಡೆಯ ಸಂದಿನಿಂದ ಎಳೆಯುವ ಕಾರಣ ಕೆಲವು ಕಡೆ ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಜಾಸ್ತಿ. ಬೇಳೆಯ ಕಣಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವುದು ಪೆಕ್ಟಿನ್. ಬೇಯುವುದೆಂದರೆ ಆ ಅಂಟು ಬಿಡುವುದು. ಕ್ಯಾಲ್ಸಿಯಂ ಹೋಗಿ ಅದನ್ನು ಇನ್ನೂ ಬಿಗಿ ಮಾಡ್ತದೆ. ಹಾಗಾಗಿ ಒಳಗೆ ಬಿಸಿ ತಾಗಿದರೂ ಬೇಳೆ ಒಡೆಯುವುದಿಲ್ಲ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಹೊಟ್ಟು ಕಟ್ಟುತ್ತಿದ್ದರೆ, ಸಾಬೂನು ನೊರೆ ಬಾರದಿದ್ದರೆ ಗಡಸು ನೀರೆಂದೇ ಲೆಕ್ಕ.

ದಾರಿ ಎರಡು ಉಂಟು. ಹಿಂದಿನ ರಾತ್ರಿ ನೀರನ್ನು 10 ನಿಮಿಷ ಚೆನ್ನಾಗಿ ಕುದಿಸಿ, ತಣಿಯಲಿಕ್ಕೆ ಬಿಟ್ಟು, ಬೆಳಿಗ್ಗೆ ಅಲುಗಿಸದೆ ಮೇಲಿನ ನೀರು ಮಾತ್ರ ತೆಗೆಯುವುದು. ಬೈಕಾರ್ಬೊನೇಟ್ ರೂಪದ ಗಡಸು ತಳಕ್ಕೆ ಇಳಿದಿರ್ತದೆ. ಸಲ್ಫೇಟ್ ರೂಪದ್ದಾದರೆ ಕುದಿಸಿ ಹೋಗುವುದಿಲ್ಲ, ಆಗ ಎರಡನೆಯ ದಾರಿ: 1 ಕುಡ್ತೆ (ಅಳತೆಯ ಲೋಟ) ಬೇಳೆಗೆ ಒಂದು ಸಣ್ಣ ಚಿಟಿಕೆ ಅಡುಗೆ ಸೋಡಾ. ಚಿಟಿಕೆ ಎಂದರೆ ಚಿಟಿಕೆಯೇ. ಚಮಚದಲ್ಲಿ ಹಾಕಿದರೆ ಸಾಬೂನಿನ ರುಚಿ ಬರ್ತದೆ, ಬಿ1 ಜೀವಸತ್ವವೂ ಹಾಳಾಗ್ತದೆ.

ವಿಸಿಲ್ ಎಣಿಸುವುದನ್ನು ಬಿಡಿ. ಉರಿ ದೊಡ್ಡದಿದ್ದರೆ 6 ವಿಸಿಲ್ 5 ನಿಮಿಷದಲ್ಲಿ ಮುಗೀತದೆ, ಬೇಳೆಗೆ ಬೇಕಾದ್ದು ಹೊತ್ತು. ಅರ್ಧ ಗಂಟೆ ನೆನೆಸಿದ ಬೇಳೆ, ಮೂರು ಪಟ್ಟು ನೀರು, ನಾಲ್ಕು ಹನಿ ಎಣ್ಣೆ (ನೊರೆ ಎದ್ದು ತೂತಿಗೆ ಕಟ್ಟದಿರಲಿ ಎಂದು). ಮೊದಲ ವಿಸಿಲ್ ಬಂದ ಕೂಡಲೇ ಉರಿ ಸಣ್ಣ ಮಾಡಿ 10 ನಿಮಿಷ. ಆಮೇಲೆ ಆವಿ ತಾನೇ ಇಳಿಯಲಿ. ಬೇಳೆ ಬೇಯಿಸುವಾಗ ಕುಕ್ಕರ್ ಅರ್ಧಕ್ಕಿಂತ ಮೇಲೆ ತುಂಬಬೇಡಿ.

ನೀರ್ಚಾಲಿನವಳು:

ಉಪ್ಪು ಮೊದಲೇ ಹಾಕುವುದೇ ತಪ್ಪು ಅಕ್ಕ. ಉಪ್ಪು ಬಿದ್ದರೆ ಯಾವ ಕಾಳೂ ಬೇಯುವುದಿಲ್ಲ, ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ.

ಬದಿಯಡ್ಕದ ಅಡುಗೆಭಟ್ಟ:

ನೀರ್ಚಾಲಿನವರೇ, ಹಿರಿಯರು ಹೇಳಿದ್ದರಲ್ಲಿ ಹುಳಿಯ ಮಾತು ಸರಿ, ಉಪ್ಪಿನದ್ದು ಅಲ್ಲ. ಸಿಪ್ಪೆ ಇರುವ ಕಾಳಿಗೆ, ಅಂದರೆ ಕಡ್ಲೆ, ಅಲಸಂಡೆ ಬೀಜದಂಥದ್ದಕ್ಕೆ, ಉಪ್ಪು ಉಪಕಾರವನ್ನೇ ಮಾಡ್ತದೆ. 1 ಲೀಟರು ನೀರಿಗೆ 1 ದೊಡ್ಡ ಚಮಚ ಉಪ್ಪು ಹಾಕಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಆ ನೀರು ಚೆಲ್ಲಿ, ತೊಳೆದು ಬೇಯಿಸಿ ನೋಡಿ. ಸಿಪ್ಪೆಯಲ್ಲಿರುವ ಕ್ಯಾಲ್ಸಿಯಂನ ಜಾಗಕ್ಕೆ ಸೋಡಿಯಂ ಬಂದು ಕೂರ್ತದೆ, ಸಿಪ್ಪೆ ಮೆತ್ತಗಾಗ್ತದೆ. ತೊಗರಿಬೇಳೆಗೆ ಸಿಪ್ಪೆಯೇ ಇಲ್ಲವಲ್ಲ, ಉಪ್ಪು ಮೊದಲು ಹಾಕಿದರೂ ಕಡೆಗೆ ಹಾಕಿದರೂ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ.

ಹುಣಸೆಹುಳಿ, ಟೊಮೆಟೊ, ಮಾವಿನಕಾಯಿ, ಪುನರ್ಪುಳಿ ಮಾತ್ರ ಬೇಳೆ ಪೂರ್ತಿ ಕದಡಿದ ಮೇಲೆಯೇ. ಹುಳಿಯಲ್ಲಿ ಪೆಕ್ಟಿನ್ ಕರಗುವುದಿಲ್ಲ. ಬೆಲ್ಲವೂ ಅದೇ ಜಾತಿ. ಕಡ್ಲೆಬೇಳೆ ಪಾಯಸದಲ್ಲಿ ಬೇಳೆ ಬೆರಳಲ್ಲಿ ಹಿಸುಕಿದರೆ ನುರಿಯುವ ಮೊದಲು ಬೆಲ್ಲ ಬಿದ್ದರೆ ಮತ್ತೆ ಎಷ್ಟು ಹೊತ್ತು ಕುದಿಸಿದರೂ ಅಷ್ಟೇ, ಹಲ್ಲಿಗೆ ಸಿಕ್ಕುತ್ತಲೇ ಇರ್ತದೆ.

ಆದರೆ ಕೆಸು, ಸುವರ್ಣಗೆಡ್ಡೆಗೆ ಬಂದಾಗ ಲೆಕ್ಕ ತಿರುಗುಮುರುಗು! ಅಲ್ಲಿ ಹುಣಸೆ ಮೊದಲೇ ಬೇಕು. ತುರಿಸುವುದು ಅದರೊಳಗಿನ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಗಳಿಂದ. ಬರೀ ನೀರಲ್ಲಿ ಅವು ಕರಗುವುದಿಲ್ಲ. ಹುಳಿ ನೀರಲ್ಲಿ ಪೂರ್ತಿ ಮೆತ್ತಗಾಗುವವರೆಗೆ ಬೇಯಿಸಿ, ಆ ನೀರು ಬಸಿದುಬಿಟ್ಟರೆ ತುರಿಕೆ ತಗ್ಗುತ್ತದೆ. ಹುಳಿಯಿಂದ ಹೋಳು ಬೇಯುವುದು ನಿಧಾನ, ಹೌದು. ಅದಕ್ಕೇ ಹೋಳು ಸಣ್ಣದು ಮಾಡುವುದು. ಅರೆಬೆಂದ ಕೆಸು ಬಡಿಸಿದರೆ ಗಂಟಲು ಹಿಡಿದುಕೊಂಡು ಕೂರಬೇಕಾದೀತು.

ಮಂಜೇಶ್ವರ ಗಂಜಿ:

ಕುಚ್ಚಿಲಕ್ಕಿಯದ್ದು ನಾನು ಹೇಳ್ತೇನೆ. ನೀರು ಒಮ್ಮೆ ಕೊತಕೊತ ಕುದಿಯಲಿಕ್ಕೆ ಶುರುವಾದರೆ ಅದರ ಬಿಸಿ 100 ಡಿಗ್ರಿ, ನೀವು ಉರಿ ಎಷ್ಟು ಎತ್ತಿದರೂ ಅದಕ್ಕಿಂತ ಮೇಲೆ ಹೋಗುವುದಿಲ್ಲ. ಹೆಚ್ಚಾದ ಗ್ಯಾಸ್ ಪೂರ್ತಿ ಆವಿಯಾಗಿ ಸೂರಿಗೆ ಹೋಗ್ತದೆ. ಮುಚ್ಚಳ ಓರೆ ಮಾಡಿ, ಗುಳ್ಳೆ ಏಳುವಷ್ಟು ಉರಿ ಸಾಕು. ಕುಕ್ಕರಿನಲ್ಲಿ ಬೇಗ ಆಗುವುದು ಒಳಗಿನ ಒತ್ತಡದಿಂದ ನೀರು ಸುಮಾರು 120 ಡಿಗ್ರಿಗೆ ಏರುವುದರಿಂದ.

ಈ ಅಕ್ಕಿ ಬೆಳ್ತಿಗೆಗಿಂತ (ಬೇಯಿಸದೆ ಮಾಡಿದ ಬಿಳಿ ಅಕ್ಕಿಗಿಂತ) ಹೊತ್ತು ತೆಗೆದುಕೊಳ್ಳುವುದಕ್ಕೆ ಕಾರಣ, ಭತ್ತ ಇರುವಾಗಲೇ ಒಮ್ಮೆ ಬೇಯಿಸಿ ಒಣಗಿಸಿದ್ದು. ಬೆಂದ ಪಿಷ್ಟ ಒಣಗುವಾಗ ಗಟ್ಟಿ ಕಟ್ಟಿರ್ತದೆ, ಕೆಂಪು ಅಕ್ಕಿಯಾದರೆ ಮೇಲೆ ತೌಡೂ ಉಂಟು. ನೀರು ಒಳಗೆ ಇಳಿಯಲಿಕ್ಕೆ ಹೊತ್ತು ಬೇಕು, ಆ ಹೊತ್ತಿಗೆಲ್ಲ ಉರಿ ಬೇಕೆಂದಿಲ್ಲ.

ಕುಕ್ಕರಿನಲ್ಲಾದರೆ 1 ಕುಡ್ತೆ ಅಕ್ಕಿಗೆ 4 ಕುಡ್ತೆ ನೀರು, ಒಂದು ವಿಸಿಲ್, ಆರಿಸಿ 45 ನಿಮಿಷ ಮುಟ್ಟಬೇಡಿ. ಮುಚ್ಚಳ ತೆಗೆದು ಬೇಕಾದಷ್ಟು ಬಿಸಿನೀರು ಸೇರಿಸಿ ಮತ್ತೊಮ್ಮೆ ಕುದಿಸಿ, ತೆಳಿ (ಗಂಜಿನೀರು) ಬಸಿಯಿರಿ ಇಲ್ಲವೇ ಗಂಜಿಯಾಗಿ ಇಟ್ಟುಕೊಳ್ಳಿ. ಬಸಿಯುವಾಗ ತಣ್ಣೀರು ಹಾಕಬೇಡಿ, ಅನ್ನ ಬಿರುಸಾಗ್ತದೆ.

ಇನ್ನೂ ಉಳಿತಾಯ ಬೇಕಾದರೆ ಚೂಡಾರಾಪೆಟ್ಟಿ, ಅಂದರೆ ಬಿಸಿ ಆರದ ಹಾಗೆ ಹಿಡಿದಿಡುವ ಪೆಟ್ಟಿಗೆ. ಕೇರಳದ ಶಾಸ್ತ್ರ ಸಾಹಿತ್ಯ ಪರಿಷತ್ತಿನವರು ಪ್ರಚಾರ ಮಾಡಿದ್ದು, ನಮ್ಮ ಜಿಲ್ಲೆಯಲ್ಲಿ ಗೊತ್ತಿಲ್ಲದವರು ಕಡಿಮೆ. ಅಕ್ಕಿ 15 ನಿಮಿಷ ಕುದಿದ ಮೇಲೆ ಪಾತ್ರೆ ಸಮೇತ ಒಳಗಿಟ್ಟು ಒಂದೂವರೆ ಗಂಟೆ. ಪಾತ್ರೆ ಮುಕ್ಕಾಲಾದರೂ ತುಂಬಿರಬೇಕು. ಇಬ್ಬರಿಗಾಗುವಷ್ಟು ಅಕ್ಕಿಯನ್ನು ದೊಡ್ಡ ಪಾತ್ರೆಯಲ್ಲಿಟ್ಟರೆ ಬಿಸಿ ನಿಲ್ಲದೆ ಅರ್ಧಂಬರ್ಧ ಬೇಯ್ತದೆ. ರಾತ್ರಿ ಇಟ್ಟು ಬೆಳಿಗ್ಗೆ ತೆಗೆಯುವುದು ಬೇಡ, ಉಗುರುಬೆಚ್ಚಗಾದ ಅನ್ನ ಬೇಗ ಹಳಸ್ತದೆ.

ಕುಂಬಳೆ ಅಡುಗೆಮನೆ:

ಎಲ್ಲರಿಗೂ ಉಪಕಾರ. ಆ ಪೆಟ್ಟಿಗೆಯಲ್ಲಿ ಕಡ್ಲೆ, ರಾಜ್ಮಾ ಕೂಡ ಹಾಗೇ ಇಡಬಹುದಾ?

ಬದಿಯಡ್ಕದ ಅಡುಗೆಭಟ್ಟ:

ನೆನೆಸಿದ ಕಡ್ಲೆ ಇಡಬಹುದು, ಆದರೆ ಅರ್ಧ ಗಂಟೆ ಕುದಿಸಿಯೇ ಇಡಿ. ಕೆಂಪು ರಾಜ್ಮಾ ಮಾತ್ರ ಬೇಡ. ಅದರಲ್ಲಿ ಲೆಕ್ಟಿನ್ ಎಂಬ ವಿಷ ಉಂಟು. ನೆನೆಸಿದ ನೀರು ಚೆಲ್ಲಿ, ಹೊಸ ನೀರಲ್ಲಿ ಕಡಿಮೆಯೆಂದರೆ 10 ನಿಮಿಷ ಬಿಡದೆ ಕುದಿದರೆ ಅದು ನಾಶ. ಕುದಿಗಿಂತ ಕೆಳಗಿನ ಬಿಸಿಯಲ್ಲಿ ಕಾಳು ಮೆತ್ತಗಾದಂತೆ ಕಂಡರೂ ವಿಷ ಉಳಿದಿರ್ತದೆ, ತಿಂದು ಒಂದೆರಡು ಗಂಟೆಯಲ್ಲಿ ವಾಂತಿ ಶುರು. ಅದಕ್ಕೆ ಕುಕ್ಕರೇ ಸರಿ.