ಸ್ಟೇಷನ್ ಹತ್ತಿರ ಅಪಾರ್ಟ್‌ಮೆಂಟಿಗೆ ದಾರಿ ಬಿಡಬೇಕಾ? ಶಿವಮೊಗ್ಗದವರು ಹೇಳಿ

ಸವಳಂಗ ರಸ್ತೆ
ಊರು ಎಲ್ಲಿ, ಹೇಗೆ ಬೆಳೆಯಬೇಕು ಅಂತ ಹೇಳುವ ಮಾಸ್ಟರ್ ಪ್ಲಾನ್ ಮುಂದಿನ ಸಲ ಪರಿಷ್ಕರಣೆ ಆಗುವಾಗ ನಾವು ಒಂದು ಬೇಡಿಕೆ ಇಡಬೇಕು. ರೈಲ್ವೆ ಸ್ಟೇಷನ್ ಮತ್ತು ಬಿ.ಎಚ್. ರಸ್ತೆಯ ಬಸ್ ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟು ದೂರದಲ್ಲಿ, ಸ್ಟಿಲ್ಟ್ (ನೆಲಮಟ್ಟದಲ್ಲಿ ಕಂಬಗಳಷ್ಟೇ ಇರುವ ಪಾರ್ಕಿಂಗ್ ಜಾಗ) ಮೇಲೆ ನಾಲ್ಕು ಅಂತಸ್ತಿನ ಅಪಾರ್ಟ್‌ಮೆಂಟಿಗೆ ಸುಲಭವಾಗಿ ಅನುಮತಿ ಸಿಗಬೇಕು. ಕೇಂದ್ರ ಸರ್ಕಾರ 2017ರಲ್ಲೇ ಇದಕ್ಕೊಂದು ರಾಷ್ಟ್ರೀಯ ನೀತಿ ತಂದಿದೆ. ನಿಲ್ದಾಣದಿಂದ 500ರಿಂದ 800 ಮೀಟರ್ ಒಳಗೆ ಹೆಚ್ಚು ಮನೆ ಬರಲಿ, ಜನ ನಡೆದು ಹೋಗಿ ಬಸ್ಸು, ರೈಲು ಹತ್ತಲಿ ಅನ್ನುವುದು ಅದರ ಸಾರ. 2011ರ ಜನಗಣತಿಯಲ್ಲೇ ನಮ್ಮ ಊರಿನ ಜನ 3.22 ಲಕ್ಷ. ಈಗ ಊರು ಯಾವ ಕಡೆ ಬೆಳೆಯುತ್ತಿದೆ ನೋಡಿ. ಗಾಡಿಕೊಪ್ಪ, ನವುಲೆ, ಅಬ್ಬಲಗೆರೆ ಕಡೆ ಗದ್ದೆ, ತೋಟ ಎಲ್ಲಾ ಲೇಔಟ್ ಆಗುತ್ತಿವೆ. ಒಮ್ಮೆ ಸೈಟ್ ಆದ ಗದ್ದೆ ಮತ್ತೆ ಗದ್ದೆ ಆಗುವುದಿಲ್ಲ. ಊರು ಮೇಲಕ್ಕೆ ಹೋಗದಿದ್ದರೆ ಗದ್ದೆಗೇ ಹೋಗುವುದು.

ವಿನೋಬನಗರ ಹಳಬ
"ರೈಲು ಹತ್ತಲಿ" ಅಂದಿರಲ್ಲ, ಯಾವ ರೈಲು ಸರ್? 1899ರಲ್ಲಿ ಬೀರೂರಿನಿಂದ ಬಂದ ಹಳಿ ಇವತ್ತಿಗೂ ಕವಲು ಮಾರ್ಗವೇ. ನಸುಕಿಗೆ ಜನಶತಾಬ್ದಿ, ಆಮೇಲೆ ಮೈಸೂರು, ಬೆಂಗಳೂರು, ತಾಳಗುಪ್ಪ ಅಂತ ಕೆಲವು ಗಾಡಿಗಳು. ಇದರಲ್ಲಿ ದಿನಾ ಆಫೀಸಿಗೆ ಹೋಗಿ ಬರುವವರು ಯಾರಿದ್ದಾರೆ? ಮೆಟ್ರೋ ಇರುವ ಊರಿನ ನೀತಿ ತಂದು ನಮ್ಮ ಬೀದಿಗೆ ಹಾಕಬೇಡಿ. ನಮ್ಮದು ನೆಲ ಮತ್ತು ಒಂದು ಅಂತಸ್ತಿನ ಮನೆಗಳ ಬೀದಿ. ಪಕ್ಕದಲ್ಲಿ ನಾಲ್ಕು ಅಂತಸ್ತು ಎದ್ದರೆ ನಮ್ಮ ಅಂಗಳಕ್ಕೆ ಬಿಸಿಲೇ ಬೀಳುವುದಿಲ್ಲ.

ಬಸ್ ಪಾಸ್
ರೈಲು ಬಿಡಿ, ಬಸ್ಸಿನ ಮಾತಾಡೋಣ. ನಾನು ಭದ್ರಾವತಿಯಿಂದ ದಿನಾ ಬರುವವಳು. ಬಸ್ಸಿಗೆ ಕಾಯಬೇಕು, ನಿಂತೇ ಬರಬೇಕು, ಬಸ್ ಸ್ಟ್ಯಾಂಡಿನಿಂದ ಮತ್ತೆ ಆಟೋ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸು ನಮಗೆ ಫ್ರೀ, ನಿಜ. ಮಲೆನಾಡಿನಲ್ಲಿ ಖಾಸಗಿ ಬಸ್ಸು ಎಷ್ಟಿವೆ ಅಂತ ಎಲ್ಲರಿಗೂ ಗೊತ್ತು, ಅದರಲ್ಲಿ ಟಿಕೆಟ್ ತೆಗೆಯಲೇಬೇಕು. ಶಿವಮೊಗ್ಗದಲ್ಲೇ, ಬಸ್ ಸ್ಟ್ಯಾಂಡ್ ಹತ್ತಿರ ಸಣ್ಣ ಬಾಡಿಗೆ ಮನೆ ಸಿಕ್ಕಿದ್ದರೆ ಈ ಓಡಾಟವೇ ಇರುತ್ತಿರಲಿಲ್ಲ. ಮನೆ ಜಾಸ್ತಿ ಆಗಲಿ ಅನ್ನುವುದರಲ್ಲಿ ತಪ್ಪೇನಿದೆ?

ಪ್ಲಾನ್ ಮೇಸ್ತ್ರಿ
"ಸುಲಭವಾಗಿ ಅನುಮತಿ" ಅನ್ನುವ ಮಾತು ಎಲ್ಲರೂ ಆಡುತ್ತಾರೆ. ಎಷ್ಟು ಕಟ್ಟಬಹುದು ಅನ್ನುವುದು ನಿಂತಿರುವುದು ರಸ್ತೆಯ ಅಗಲ ಮತ್ತು ಸೈಟಿನ ಅಳತೆಯ ಎಷ್ಟು ಪಟ್ಟು ಕಟ್ಟಬಹುದು ಅನ್ನುವ ಎಫ್‌ಎಆರ್ ಮೇಲೆ. 2,400 ಚದರಡಿ ಸೈಟಿಗೆ ಎಫ್‌ಎಆರ್ 1.5 ಅಂದರೆ ಎಲ್ಲಾ ಅಂತಸ್ತು ಸೇರಿ 3,600 ಚದರಡಿ. ಅದನ್ನು 2.5 ಮಾಡಿದರೆ 6,000. ಕಾಗದದ ಮೇಲೆ ಅಂಕಿ ಬದಲಾಯಿಸಬಹುದು, ರಸ್ತೆ ಅಗಲ ಆಗುವುದಿಲ್ಲ. ಸ್ಟೇಷನ್ ಸುತ್ತಲಿನ ಒಳರಸ್ತೆಗಳಲ್ಲಿ ಎದುರುಬದುರು ಎರಡು ಕಾರು ಬಂದರೆ ಒಂದು ಹಿಂದೆ ಹೋಗಬೇಕು. ಅಗ್ನಿಶಾಮಕದ ವಾಹನ ಒಳಗೆ ಬರುವುದು ಹೇಗೆ? ಮೊದಲು ರಸ್ತೆ, ಆಮೇಲೆ ಅಂತಸ್ತು.

ಸವಳಂಗ ರಸ್ತೆ
"ಒಂದು ಅಂತಸ್ತಿನ ಮನೆಗಳ ಬೀದಿ" ಅಂದ ಹಳಬರಿಗೆ ಒಂದು ಪ್ರಶ್ನೆ. ನಿಮ್ಮ ಬೀದಿಯ ತಾರಸಿಗಳ ಮೇಲಿರುವ ಶೀಟ್ ಲೆಕ್ಕಕ್ಕೆ ತೆಗೆದುಕೊಂಡಿದ್ದೀರಾ? ಮಳೆಗೆ ಅಂತ ಕಬ್ಬಿಣದ ಕಂಬ ನೆಟ್ಟು ಶೀಟ್ ಹಾಕುತ್ತಾರೆ. ವರ್ಷ ಕಳೆದ ಮೇಲೆ ಸೊಂಟದೆತ್ತರ ಗೋಡೆ ಬರುತ್ತದೆ. ಆಮೇಲೆ ಕಿಟಕಿ, ಬಾತ್‌ರೂಮು, ಬಾಡಿಗೆಯ ಬೋರ್ಡು. ಅದು ಅಂತಸ್ತು ಅಲ್ವಾ?

ವಿನೋಬನಗರ ಹಳಬ
ಶೀಟಿನ ತಂಟೆಗೆ ಬರಬೇಡಿ. ಮಲೆನಾಡಿನ ಮಳೆಗೆ ತಾರಸಿ ಸೋರುತ್ತದೆ ಮಾರಾಯ್ರೇ. ನಮ್ಮ ಅಪ್ಪನ ಕಾಲದಲ್ಲಿ ಹೆಂಚಿತ್ತು, ನೀರು ಇಳಿದು ಹೋಗುತ್ತಿತ್ತು. ಆರ್‌ಸಿಸಿ ಬಂದ ಮೇಲೆ ಶೀಟ್ ಇಲ್ಲದೆ ಯಾರಿಗೂ ಆಗುವುದಿಲ್ಲ. ಬಟ್ಟೆ ಒಣಗಿಸುವುದು, ಅಡಿಕೆ ಹರಡುವುದು, ಮದುವೆಗೆ ಬಂದವರಿಗೆ ಊಟ ಹಾಕುವುದು, ಎಲ್ಲಾ ಅದರ ಕೆಳಗೇ. ಇದಕ್ಕೂ ಬಿಲ್ಡರ್‌ಗಳ ಅಪಾರ್ಟ್‌ಮೆಂಟಿಗೂ ಏನು ಸಂಬಂಧ?

ಪ್ಲಾನ್ ಮೇಸ್ತ್ರಿ
"ಮಲೆನಾಡಿನ ಮಳೆ" ಅಂತ ಆಗುಂಬೆಯ ಲೆಕ್ಕ ಶಿವಮೊಗ್ಗಕ್ಕೆ ಹಾಕಬೇಡಿ. ಆಗುಂಬೆಗೆ ವರ್ಷಕ್ಕೆ 7,000 ಮಿ.ಮೀ. ದಾಟುತ್ತದೆ. ಶಿವಮೊಗ್ಗ ಊರೊಳಗೆ 1,000 ಮಿ.ಮೀ. ಆಸುಪಾಸು. ಇಷ್ಟು ಮಳೆಗೆ ತಾರಸಿ ಸೋರಿದರೆ ಅದು ಕಾಂಕ್ರೀಟಿನ ತಪ್ಪು, ಮಳೆಯದ್ದಲ್ಲ. ಇಳಿಜಾರು ಕೊಟ್ಟು, ವಾಟರ್‌ಪ್ರೂಫಿಂಗ್ ಸರಿಯಾಗಿ ಮಾಡಿಸಿದರೆ ಶೀಟ್ ಬೇಕಾಗುವುದೇ ಇಲ್ಲ.

ಜಂಬಗಾರು
ಸಾಗರದಿಂದ ಬರೆಯುತ್ತಿದ್ದೇನೆ. "ಶೀಟ್ ಬೇಕಾಗುವುದೇ ಇಲ್ಲ" ಅನ್ನುವವರು ಒಂದು ಆಷಾಢ ನಮ್ಮಲ್ಲಿ ಇದ್ದು ನೋಡಿ. ಬರೀ ಮಳೆಯ ಪ್ರಮಾಣ ಅಲ್ಲ ಸರ್, ತಿಂಗಳುಗಟ್ಟಲೆ ಬಿಡದೆ ಹನಿಯುವುದು. ಗೋಡೆಗೆ ಪಾಚಿ ಹಿಡಿಯುತ್ತದೆ, ಬೀರುವಿನೊಳಗಿನ ಬಟ್ಟೆಗೆ ಬೂಸ್ಟು ಬರುತ್ತದೆ. ಶಿವಮೊಗ್ಗಕ್ಕೆ ಮಾಡಿದ ನಿಯಮವನ್ನೇ ನಾಳೆ ನಮ್ಮ ಸ್ಟೇಷನ್ ಸುತ್ತಲೂ ತಂದು ಹಾಕಿದರೆ ನಾನು ಒಪ್ಪುವುದಿಲ್ಲ.

ಪ್ಲಾನ್ ಮೇಸ್ತ್ರಿ
ನಾನು ಶಿವಮೊಗ್ಗದ ಮಾತಾಡಿದೆ. ಸಾಗರಕ್ಕೆ ಅದರದೇ ಲೆಕ್ಕ.

ಬಸ್ ಪಾಸ್
"ಬಟ್ಟೆ ಒಣಗಿಸುವುದು, ಅಡಿಕೆ ಹರಡುವುದು" ಅಂತ ಹೇಳಿದಿರಿ. ನಾನು ಮದುವೆಗೆ ಮುಂಚೆ ಶಿವಮೊಗ್ಗದಲ್ಲಿ ಅಂಥದ್ದೇ ಶೀಟಿನ ಮನೆಯಲ್ಲಿ ಬಾಡಿಗೆಗಿದ್ದೆ. ಏಪ್ರಿಲ್‌ನಲ್ಲಿ ಮಧ್ಯಾಹ್ನ ಒಳಗೆ ಕೂರಲು ಆಗುತ್ತಿರಲಿಲ್ಲ. ಮಳೆ ಜೋರಾದರೆ ಫೋನಿನಲ್ಲಿ ಮಾತು ಕೇಳುತ್ತಿರಲಿಲ್ಲ. ಬಾಡಿಗೆಗೆ ರಸೀದಿ ಇಲ್ಲ, ಕರಾರು ಪತ್ರ ಇಲ್ಲ. ಖಾಲಿ ಮಾಡುವಾಗ ಅಡ್ವಾನ್ಸಿನಲ್ಲಿ ಪೇಂಟಿಗೆ ಅಂತ ಹಿಡಿದುಕೊಂಡರು. ಮೇಲೆ ಮನೆ ಕಟ್ಟಿ ಬಾಡಿಗೆ ತೆಗೆದುಕೊಳ್ಳುವುದು ನಿಮಗೆ ಬೇಕು. ಅದೇ ಮನೆಯನ್ನು ಕಾನೂನು ಪ್ರಕಾರ, ಗೋಡೆ ಸೂರು ಸರಿಯಾಗಿಟ್ಟು ಕಟ್ಟೋಣ ಅಂದರೆ ಬೀದಿಯ ಶಾಂತಿ ಕೆಡುತ್ತದೆ. ಇದನ್ನು ನಾನು ಹೇಗೆ ಒಪ್ಪಲಿ?

ವಿನೋಬನಗರ ಹಳಬ
ಮೇಡಂ, ನಿಮ್ಮ ಓನರ್ ಮಾಡಿದ್ದಕ್ಕೆ ಇಡೀ ಬಡಾವಣೆ ಉತ್ತರ ಕೊಡಬೇಕಾ? ನಿವೃತ್ತಿ ಆದವರಿಗೆ ಮೇಲಿನ ಬಾಡಿಗೆಯೇ ಔಷಧಿ ಖರ್ಚು. ಬ್ಯಾಂಕ್ ಬಡ್ಡಿಯಲ್ಲಿ ಬದುಕಲು ಆಗುತ್ತದಾ? ಕಾನೂನು ಕಾನೂನು ಅನ್ನುವುದು ಸುಲಭ.

ಸವಳಂಗ ರಸ್ತೆ
ಹಾಗಾದರೆ ಮೇಲೆ ಬಾಡಿಗೆ ಮನೆ ಇರುವುದು ನಿಜ ಅಂತಾಯಿತು.

ವಿನೋಬನಗರ ಹಳಬ
ಇದೆ ಅಂತ ನಾನು ಹೇಳಲಿಲ್ಲ! ಇರುವವರ ಪರಿಸ್ಥಿತಿ ಹೇಳಿದೆ. ಮಾತು ತಿರುಚುವುದನ್ನು ಮೊದಲು ಬಿಡಿ. ನಿಮಗೆ ಇದರಲ್ಲಿ ಏನು ಲಾಭ ಇದೆ ಅಂತ ಇಲ್ಲಿ ಎಲ್ಲರ ಮುಂದೆ ಹೇಳಿ. ಸ್ಟೇಷನ್ ಹತ್ತಿರ ಸೈಟ್ ಇದೆಯಾ? ಯಾರ ಪರವಾಗಿ ಬರೆಯುತ್ತಿದ್ದೀರಿ?

ಸವಳಂಗ ರಸ್ತೆ
ನನಗೆ ಸೈಟೇ ಇಲ್ಲ ಸರ್. ಬಾಡಿಗೆ ಮನೆಯಲ್ಲಿದ್ದೇನೆ. ಏಜೆಂಟ್ ಅನ್ನುವ ಅರ್ಥದಲ್ಲಿ ಮಾತಾಡಿದರೆ ನಾನೂ ಸುಮ್ನೆ ಇರುವುದಿಲ್ಲ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಏನು ಹೇಳಿತು ಗೊತ್ತಲ್ಲ? ಓಸಿ (ಪ್ಲಾನ್ ಪ್ರಕಾರ ಕಟ್ಟಿದೆ, ವಾಸ ಮಾಡಬಹುದು ಅನ್ನುವ ಪ್ರಮಾಣಪತ್ರ) ಇಲ್ಲದ ಕಟ್ಟಡಕ್ಕೆ ಕರೆಂಟು, ನೀರು ಕೊಡಬಾರದು ಅಂತ. ಆಮೇಲೆ ಮನೆ ಕಟ್ಟಿದವರೆಲ್ಲಾ ಮೆಸ್ಕಾಂ ಮೀಟರಿಗೆ ಅಲೆದಾಡಿದ್ದನ್ನು ನೋಡಿದ್ದೇವೆ. ಪ್ಲಾನ್ ಒಂದು, ಕಟ್ಟಿದ್ದು ಇನ್ನೊಂದು ಮಾಡಿದರೆ ಹೀಗೇ ಆಗುವುದು. ಬೇಕಾದಷ್ಟು ಕಟ್ಟಲು ನಿಯಮವೇ ಅವಕಾಶ ಕೊಟ್ಟರೆ ಜನ ಕದ್ದು ಕಟ್ಟುವುದು ತಪ್ಪುತ್ತದೆ.

ಅಬ್ಬಲಗೆರೆ ಗದ್ದೆ
ಎಲ್ಲರೂ ಶೀಟ್ ಹಿಡಿದುಕೊಂಡಿದ್ದೀರಿ. ಮೇಲೆ ಮೊದಲನೆಯವರು "ಗದ್ದೆಗೇ ಹೋಗುವುದು" ಅಂತ ಬರೆದಿದ್ದಾರೆ. ಅದಕ್ಕೆ ನನ್ನ ಉತ್ತರ. ಗದ್ದೆ ಉಳಿಸಲು ಪೇಟೆಯವರಿಗೆ ಇಷ್ಟು ಕಾಳಜಿ ಇದ್ದರೆ ಭತ್ತಕ್ಕೆ ಬೆಲೆ ಕೇಳಿ. ನಾಟಿಗೆ ಆಳು ಸಿಗುವುದಿಲ್ಲ. ಚಾನಲ್ ಕೊನೆಯ ಗದ್ದೆಗೆ ನೀರು ಬರುವುದಿಲ್ಲ. ಅಣ್ಣತಮ್ಮಂದಿರ ಪಾಲು ಆದ ಮೇಲೆ ಒಬ್ಬೊಬ್ಬರಿಗೆ ಉಳಿಯುವುದು ಕೆಲವು ಗುಂಟೆ. ಮಗಳ ಓದಿಗೆ ನಾನು ಅಲಿನೇಷನ್ (ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಾಯಿಸುವುದು) ಮಾಡಿಸಿ ಮಾರಿದರೆ ಅದು ಊರಿಗೆ ಮಾಡಿದ ದ್ರೋಹವಾ? ಸ್ಟೇಷನ್ ಪಕ್ಕದ ಸೈಟಿಗೆ ಎಫ್‌ಎಆರ್ ಏರಿಸಿ, ಅಲ್ಲಿನ ಓನರ್‌ಗೆ ಬೆಲೆ ಏರುತ್ತದೆ. ನಮ್ಮ ಜಮೀನು ಹಸಿರಾಗಿರಲಿ, ನಾವು ಹಾಗೇ ಇರಲಿ ಅಂತಲಾ?

ಸವಳಂಗ ರಸ್ತೆ
ದ್ರೋಹ ಅನ್ನುವ ಪದ ನಾನು ಬಳಸಿಲ್ಲ ಅಣ್ಣ. ಮಾರುವ ಹಕ್ಕು ನಿಮ್ಮದು. ಲೇಔಟ್ ಆದ ಮೇಲೆ ಅಲ್ಲಿಗೆ ನೀರಿನ ಪೈಪು, ಯುಜಿಡಿ (ಒಳಚರಂಡಿ), ಬೀದಿ ದೀಪ ಹಾಕುವ ಖರ್ಚು ಇಡೀ ಊರಿನದ್ದು. ನಾನು ಹೇಳುತ್ತಿರುವುದು ಅದನ್ನು.

ತುಂಗಾ ದಡ
"ಯುಜಿಡಿ" ಅಂದಿರಿ, ಒಳ್ಳೆಯದಾಯಿತು. 2019ರ ಆಗಸ್ಟ್ ನೆನಪಿದೆಯಾ? ಕುಂಬಾರಗುಂಡಿ, ರಾಜೀವ್ ಗಾಂಧಿ ಬಡಾವಣೆ, ವಿದ್ಯಾನಗರದ ಮನೆಗಳಿಗೆ ನೀರು ನುಗ್ಗಿತು. ಗಾಜನೂರು ಡ್ಯಾಂ ತುಂಬಿ ಗೇಟ್ ತೆಗೆದರೆ ಹೊಳೆ ಹೇಗೆ ಬರುತ್ತದೆ ಅಂತ ದಡದಲ್ಲಿರುವ ನಮ್ಮನ್ನು ಕೇಳಿ. ಒಂದು ಮನೆ ಇದ್ದ ಜಾಗದಲ್ಲಿ ಹತ್ತು ಮನೆ ಬಂದರೆ ಹತ್ತು ಮನೆಯ ಕೊಳಚೆ ಅದೇ ಪೈಪಿಗೆ. ಅಂಗಳಕ್ಕೆಲ್ಲಾ ಕಾಂಕ್ರೀಟ್ ಬಿದ್ದರೆ ಮಳೆ ನೀರು ಇಂಗುವುದೆಲ್ಲಿ? ಎಲ್ಲಾ ಚರಂಡಿಯಲ್ಲಿ ಹರಿದು ತಗ್ಗಿಗೆ, ಅಂದರೆ ನಮ್ಮ ಮನೆಗೆ.

ಪ್ಲಾನ್ ಮೇಸ್ತ್ರಿ
ಕುಂಬಾರಗುಂಡಿ ಎಲ್ಲಿ, ಸ್ಟೇಷನ್ ಎಲ್ಲಿ? ಹೊಳೆ ಉಕ್ಕಿದ್ದಕ್ಕೂ ಅಪಾರ್ಟ್‌ಮೆಂಟಿಗೂ ಗಂಟು ಹಾಕಬೇಡಿ.

ತುಂಗಾ ದಡ
ನೀರಿಗೆ ವಾರ್ಡ್ ಗಡಿ ಇಲ್ಲ ಸರ್. ಮೇಲಿನವರು ಕಟ್ಟುತ್ತಾರೆ, ಕೆಳಗಿನವರು ಮನೆ ಖಾಲಿ ಮಾಡಿ ಗಂಜಿ ಕೇಂದ್ರಕ್ಕೆ ಹೋಗುತ್ತಾರೆ. ಚರಂಡಿ ಅಗಲ ಮಾಡದೆ ಒಂದು ಅಂತಸ್ತೂ ಬೇಡ.

ವಿನೋಬನಗರ ಹಳಬ
ನೋಡಿ, ಇದನ್ನೇ ನಾನು ಮೊದಲಿನಿಂದ ಹೇಳುತ್ತಿರುವುದು. "ಒಂದು ಅಂತಸ್ತೂ ಬೇಡ."

ಬಸ್ ಪಾಸ್
ಅವರು "ಚರಂಡಿ ಅಗಲ ಮಾಡದೆ" ಅಂದರು. ಅರ್ಧ ಮಾತು ಎತ್ತಿಕೊಳ್ಳಬೇಡಿ.
ಮೊದಲು ಬರೆದವರಿಗೂ ಒಂದು ಮಾತು. 2017ರ ನೀತಿಯಿಂದ ನೀವು 500ರಿಂದ 800 ಮೀಟರ್ ಅನ್ನುವುದನ್ನು ಮಾತ್ರ ತೆಗೆದುಕೊಂಡಿದ್ದೀರಿ. ಅದೇ ನೀತಿಯಲ್ಲಿ, ಅಲ್ಲಿ ಕಟ್ಟುವುದರಲ್ಲಿ ಶೇ. 30ರಷ್ಟನ್ನು ಕಡಿಮೆ ಆದಾಯದವರ ಕೈಗೆಟುಕುವ ಮನೆಗೆ ಇಡಿ ಅನ್ನುವ ಸಲಹೆಯೂ ಇದೆ. ಅದನ್ನು ಯಾಕೆ ಬರೆಯಲಿಲ್ಲ? ಬಡವರಿಗೆ ಗೋವಿಂದಾಪುರದಲ್ಲಿ ಆಶ್ರಯ ಯೋಜನೆಯ ಗುಂಪು ಮನೆ ಕಟ್ಟಿದರು. ಅಲ್ಲಿಂದ ಪೇಟೆಯ ಕೆಲಸಕ್ಕೆ ಬರಲು ಎಷ್ಟು ದೂರ! ಮನೆಗೆಲಸಕ್ಕೆ, ಅಂಗಡಿ ಕೆಲಸಕ್ಕೆ, ಆಸ್ಪತ್ರೆ ಆಯಾ ಕೆಲಸಕ್ಕೆ ಹೋಗುವವರಿಗೇ ಬಸ್ ಸ್ಟ್ಯಾಂಡ್ ಹತ್ತಿರ ಮನೆ ಬೇಕು. ಕಾರು ಇರುವವರಿಗೆ ಫ್ಲ್ಯಾಟ್ ಕಟ್ಟಿ ಬಸ್ಸಿನ ಹೆಸರು ಹೇಳಿದರೆ ನಾನು ನಿಮ್ಮ ಕಡೆ ಇಲ್ಲ.

ಸವಳಂಗ ರಸ್ತೆ
ಶೇ. 30 ಕಡ್ಡಾಯ ಮಾಡಿದರೆ ನಮ್ಮಂಥ ಊರಿಗೆ ಯಾವ ಬಿಲ್ಡರೂ ಬರುವುದಿಲ್ಲ ಅನ್ನುವ ಭಯ ನನಗಿದೆ. ಮೊದಲು ಮನೆ ಬರಲಿ. ಸಂಖ್ಯೆ ಹೆಚ್ಚಾದರೆ ಬಾಡಿಗೆ ತಾನಾಗಿ ಇಳಿಯುತ್ತದೆ.

ಬಸ್ ಪಾಸ್
"ತಾನಾಗಿ" ಏನೂ ಇಳಿಯುವುದಿಲ್ಲ. ನನ್ನ ಬಾಡಿಗೆ ಒಂದು ಸಲವೂ ಇಳಿದಿಲ್ಲ.

ಪ್ಲಾನ್ ಮೇಸ್ತ್ರಿ
ಬಿಲ್ಡರ್ ವಿಷಯ ಬಂತಲ್ಲ, ಕೊಳ್ಳುವವರು ಇದನ್ನು ಓದಿ. ಜಾಗ 500 ಚದರ ಮೀಟರ್ ದಾಟದಿದ್ದರೆ, ಅಥವಾ ಫ್ಲ್ಯಾಟ್ 8ಕ್ಕಿಂತ ಹೆಚ್ಚಿಲ್ಲದಿದ್ದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಬೇಕಿಲ್ಲ. ಶಿವಮೊಗ್ಗದ ಹಳೆ ಬಡಾವಣೆಗಳ 30x40, 40x60 ಸೈಟುಗಳಲ್ಲಿ ಬರುವುದೆಲ್ಲಾ ಇಂಥ ಸಣ್ಣ ಕಟ್ಟಡಗಳೇ. ಲಿಫ್ಟ್ ಕೆಟ್ಟರೆ, ಸೆಪ್ಟಿಕ್ ಟ್ಯಾಂಕ್ ತುಂಬಿದರೆ, ಹೇಳಿದ ದಿನಕ್ಕೆ ಮನೆ ಕೊಡದಿದ್ದರೆ ರೇರಾ ಬಾಗಿಲು ತಟ್ಟುವುದು ಕಷ್ಟ. ಗ್ರಾಹಕರ ಆಯೋಗಕ್ಕೋ ಸಿವಿಲ್ ಕೋರ್ಟಿಗೋ ಅಲೆಯಬೇಕು. ಅಂತಸ್ತು ಹೆಚ್ಚಿಸಿ ಅನ್ನುವವರು ಇದಕ್ಕೊಂದು ದಾರಿ ಹೇಳಲಿ.

ವಿನೋಬನಗರ ಹಳಬ
ಬಿಲ್ಡರ್ ಓಡಿ ಹೋಗುತ್ತಾನೆ ಅಂತ ಎಂಜಿನಿಯರೇ ಹೇಳಿದ ಮೇಲೆ ಇನ್ನೇನು ಚರ್ಚೆ?

ಪ್ಲಾನ್ ಮೇಸ್ತ್ರಿ
ಓಡಿ ಹೋಗುತ್ತಾನೆ ಅಂತ ನಾನು ಹೇಳಿಲ್ಲ. ನಿಮ್ಮ ಶೀಟಿನ ಮೇಲಿನ ಅಭಿಪ್ರಾಯವೂ ಬದಲಾಗಿಲ್ಲ. ಗೋಡೆ ಎತ್ತಿ ಬಾಡಿಗೆಗೆ ಕೊಟ್ಟರೆ ಅದು ಅಂತಸ್ತೇ.

ವಿನೋಬನಗರ ಹಳಬ
ಹಾಗಾದರೆ ಊರೆಲ್ಲಾ ಒಡೆಯಿರಿ. ನಮ್ಮ ಮನೆಯಿಂದ ಯಾಕೆ ಶುರು ಮಾಡುತ್ತೀರಿ? ಮೊದಲು ಕಮರ್ಷಿಯಲ್ ಕಾಂಪ್ಲೆಕ್ಸ್‌ಗಳಲ್ಲಿ ಪಾರ್ಕಿಂಗ್‌ಗೆ ಅಂತ ತೋರಿಸಿ ಅಂಗಡಿ ಮಾಡಿದ್ದಾರಲ್ಲ, ಅದನ್ನು ತೆಗೆಸಿ. ನಲವತ್ತು ವರ್ಷ ತೆರಿಗೆ ಕಟ್ಟಿದ ಮನೆಯ ಮುಂದೆ ನಿಂತು ನನಗೆ ಕಾನೂನು ಹೇಳಬೇಡಿ. ನನಗೆ ಕೋಪ ಬಂದಿದೆ, ಬಂದಿದೆ ಅಂತಲೇ ಹೇಳುತ್ತೇನೆ.

ಜಂಬಗಾರು
ಯಜಮಾನರೇ, ನಿಮ್ಮ ಮನೆ ಒಡೆಯಿರಿ ಅಂತ ಇಲ್ಲಿ ಯಾರೂ ಬರೆದಿಲ್ಲ. ಸಮಾಧಾನ.

ವಿನೋಬನಗರ ಹಳಬ
ಸಮಾಧಾನ ನನಗೆ ಹೇಳಬೇಡಿ, ಅವರಿಗೆ ಹೇಳಿ.

ಸವಳಂಗ ರಸ್ತೆ
ಕೆಲಸದ ಮಾತಿಗೆ ಬರುತ್ತೇನೆ. 1961ರ ನಗರ ಮತ್ತು ಗ್ರಾಮಾಂತರ ಯೋಜನೆ ಕಾಯ್ದೆಯಲ್ಲಿ ಮಾಸ್ಟರ್ ಪ್ಲಾನನ್ನು ಹತ್ತು ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಬೇಕು ಅಂತ ಇದೆ. ಕರಡು ಪ್ರಕಟ ಆದಾಗ ಸಾರ್ವಜನಿಕರು ಬರವಣಿಗೆಯಲ್ಲಿ ಸಲಹೆ, ಆಕ್ಷೇಪಣೆ ಕೊಡಬಹುದು. ಸೂಡಾ (ಶಿವಮೊಗ್ಗ ನಗರಾಭಿವೃದ್ಧಿ ಪ್ರಾಧಿಕಾರ) ಕಚೇರಿಗೆ ಕೊಡಲು ಒಂದು ಮನವಿ ಬರೆಯುತ್ತಿದ್ದೇನೆ. ನಾಲ್ಕು ಅಂತಸ್ತು, ನಿಲ್ದಾಣದ ಅರ್ಧ ಕಿ.ಮೀ. ಒಳಗೆ, 30 ಅಡಿಗಿಂತ ಅಗಲದ ರಸ್ತೆಗಳಲ್ಲಿ ಮಾತ್ರ. ಸಹಿ ಹಾಕುವವರು ಹೇಳಿ.

ತುಂಗಾ ದಡ
ಚರಂಡಿ ಮೊದಲು ಅನ್ನುವ ಸಾಲು ಸೇರಿಸಿ. ಇಲ್ಲದಿದ್ದರೆ ನಾನು ಬೇರೆ ಅರ್ಜಿ ಕೊಡುತ್ತೇನೆ.

ಬಸ್ ಪಾಸ್
ಶೇ. 30 ಇಲ್ಲದಿದ್ದರೆ ನನ್ನ ಸಹಿ ಇಲ್ಲ.

ಅಬ್ಬಲಗೆರೆ ಗದ್ದೆ
ಮನವಿಯಲ್ಲಿ "ಗದ್ದೆ ಉಳಿಸಲು" ಅಂತ ಬರೆಯಬೇಡಿ. ನಮ್ಮ ಹೆಸರು ಹೇಳಿಕೊಂಡು ನಿಮ್ಮ ಕೆಲಸ ಮಾಡಿಕೊಳ್ಳಬೇಡಿ.

ವಿನೋಬನಗರ ಹಳಬ
ನಾನು ಆಕ್ಷೇಪಣೆಯನ್ನೇ ಕೊಡುತ್ತೇನೆ. ಬೀದಿಯವರೆಲ್ಲರ ಸಹಿ ಹಾಕಿಸಿಕೊಂಡು ಬರುತ್ತೇನೆ.

ಬಸ್ ಪಾಸ್
ಮೇಲಿನ ಶೀಟಿನಲ್ಲಿ ಬಾಡಿಗೆಗಿರುವವರ ಸಹಿಯನ್ನೂ ಕೇಳಿ ಸರ್. ಅವರೂ ಅದೇ ಬೀದಿಯವರು.