ತೋಳು ಎತ್ತಿದರೆ ಇಡೀ ಬ್ಲೌಸೇ ಮೇಲೆ ಬರುತ್ತದೆ, ಆರ್ಮ್‌ಹೋಲ್ ಇನ್ನೂ ಎಷ್ಟು ಕೊರೆಯಬೇಕು?

ಹೊಲಿಗೆ_ಕಲಿಕೆ

ಆರ್ಟ್ ಸಿಲ್ಕ್ ಬ್ಲೌಸ್ ಪೀಸ್, ಒಳಗೆ ಕಾಟನ್ ಲೈನಿಂಗ್, ನಾಲ್ಕು ಟಕ್ಸ್‌ನ (ಎದೆಯ ಆಕಾರಕ್ಕೆ ಹಾಕುವ ಮೊನಚು ಮಡಿಕೆ) ಸಾದಾ ಮಾದರಿ. ಎದೆ 36, ಸೊಂಟ 30, ತೋಳಿನ ದಪ್ಪ ಭಾಗದ ಸುತ್ತು 12, ತೋಳುದ್ದ 10. ಹಿಂದಿನ ಕುತ್ತಿಗೆ 9 ಇಂಚು ಆಳ, ಮುಂದೆ 6½.

ಮೊದಲು ಆರ್ಮ್‌ಹೋಲ್ (ತೋಳು ಕೂರುವ ಕಂಡಿ) ಸುತ್ತು 15½ ಬರುವಂತೆ ಕತ್ತರಿಸಿದ್ದೆ. ತೋಳು ಜೋಡಿಸುವ ಮೊದಲು ಹಾಕಿ ನೋಡಿದಾಗ ಕಂಕುಳಲ್ಲಿ ಬಿಗಿ ಅನ್ನಿಸಿದ್ದರಿಂದ ಅರ್ಧ ಇಂಚು ಕೆಳಗೆ ಕೊರೆದೆ. ಈಗ ಸುತ್ತು 16½ ಇದೆ. ತೋಳು ಜೋಡಿಸಿದ ಮೇಲೆ ಕೈ ಎತ್ತಿದರೆ ಕೆಳಗಿನ ಪಟ್ಟಿ ಸಮೇತ ಬ್ಲೌಸ್ ಮೇಲೇರುತ್ತದೆ. ಕಂಕುಳಿಂದ ಎದೆ ಕಡೆಗೆ ಓರೆಯಾಗಿ ಸುಕ್ಕು. ಇನ್ನೂ ಅರ್ಧ ಇಂಚು ಕೊರೆದರೆ ಸರಿಹೋಗುತ್ತದಾ?

ಇನ್ನೊಂದು, ಎಡ ಭುಜದಿಂದ ಮಾತ್ರ ಕುತ್ತಿಗೆ ಜಾರುತ್ತದೆ. ಮುಂದೆ ಗುಳೇದಗುಡ್ಡದ ಖಣ (ಅಂಚಿರುವ ಕೈಮಗ್ಗದ ಬ್ಲೌಸ್ ಬಟ್ಟೆ) ಕತ್ತರಿಸಬೇಕು, ಅದಕ್ಕೂ ಇದೇ ಆಗಬಾರದು.

ಕತ್ತರಿ_ಟೇಪು

ದಯವಿಟ್ಟು ಕೊರೆಯಬೇಡಿ! ಕೊರೆದಷ್ಟೂ ಹೆಚ್ಚು ಎಳೆಯುತ್ತದೆ.

ಕೈ ಎತ್ತುವಾಗ ತೋಳಿನ ಒಳಬದಿಯ ಹೊಲಿಗೆ ಬ್ಲೌಸಿನ ಪಕ್ಕದ ಹೊಲಿಗೆಯನ್ನು ಎಳೆಯುತ್ತದೆ. ಆ ಎರಡು ಸೇರುವ ಜಾಗ ಕಂಕುಳಿಗೆ ಹತ್ತಿರ ಇದ್ದರೆ ಕೈ ತಿರುಗುವ ಜಾಗದಲ್ಲೇ ಬಟ್ಟೆಯೂ ತಿರುಗುತ್ತದೆ, ಕೆಳಗಿನ ಭಾಗ ಅಲುಗುವುದಿಲ್ಲ. ಒಂದು ಇಂಚು ಕೆಳಗಿದ್ದರೆ ಕೈ ಜೊತೆ ಪಕ್ಕದ ಬಟ್ಟೆಯೂ ಏಳಲೇಬೇಕು. ರೆಡಿಮೇಡ್ ಬ್ಲೌಸ್‌ಗಳಲ್ಲಿ ಎಲ್ಲರಿಗೂ ಆಗಲಿ ಎಂದು ಆರ್ಮ್‌ಹೋಲ್ ಕೆಳಗಿಳಿಸಿರುತ್ತಾರೆ, ಅವು ಮೇಲೇರುವುದೂ ಇದಕ್ಕೇ.

ಮೊದಲು ಬಿಗಿ ಅನ್ನಿಸಿದ್ದಕ್ಕೆ ಕಾರಣ ಬೇರೆ. ತೋಳು ಜೋಡಿಸದೆ ಹಾಕಿದಾಗ ಹೊಲಿಗೆಗೆ ಬಿಟ್ಟ ಅರ್ಧ ಇಂಚಿನ ಮಾರ್ಜಿನ್ ಹಾಗೇ ನಿಂತಿರುತ್ತದೆ, ಅದು ಕಂಕುಳಿಗೆ ಒತ್ತುತ್ತದೆ. ಹೊಲಿದ ಮೇಲೆ ಆ ಅರ್ಧ ಇಂಚು ತೋಳಿನ ಕಡೆಗೆ ಹೋಗುತ್ತದೆ. ಟ್ರಯಲ್ ನೋಡುವುದಿದ್ದರೆ ಹೊಲಿಗೆ ಗೆರೆಯ ಮೇಲೆ ದೊಡ್ಡ ಹೊಲಿಗೆ ಹಾಕಿ, ಕಂಕುಳ ಬಾಗಿನಲ್ಲಿ ಮಾರ್ಜಿನ್‌ಗೆ ಮೂರ್ನಾಲ್ಕು ಕಟ್ ಕೊಟ್ಟು ಆಮೇಲೆ ಹಾಕಿ ನೋಡಿ. ಆಗಲೂ ಮುಂದುಗಡೆ, ತೋಳು ಎದೆಗೆ ಸೇರುವ ಮಡಿಕೆಯಲ್ಲಿ ಒತ್ತಿದರೆ ಅಲ್ಲಿ ಮಾತ್ರ ಬಾಗು ಹೆಚ್ಚಿಸಿ. ಮುಂಭಾಗದ ಬಾಗು ಹಿಂಭಾಗಕ್ಕಿಂತ ಅರ್ಧ ಇಂಚು ಒಳಗಿರಬೇಕು. ಎರಡನ್ನೂ ಒಟ್ಟಿಗೆ ಮಡಿಸಿ ಒಂದೇ ಗೆರೆಯಲ್ಲಿ ಕತ್ತರಿಸಿದರೆ ಈ ಅರ್ಧ ಇಂಚು ತಪ್ಪಿಹೋಗುತ್ತದೆ, ಆಮೇಲೆ ಬಿಗಿ ಎಂದು ಬುಡ ಕೊರೆಯುತ್ತಾರೆ.

ಈಗಿನ ಬ್ಲೌಸ್ ಉಳಿಸಬಹುದು. ತೋಳು ಬಿಚ್ಚಿ, ಶೋಲ್ಡರ್ ಹೊಲಿಗೆಯನ್ನೂ ಬಿಚ್ಚಿ. ಮುಂಭಾಗದಲ್ಲಿ ಅರ್ಧ, ಹಿಂಭಾಗದಲ್ಲಿ ಅರ್ಧ ಇಂಚು ಒಳಗೆ ತೆಗೆದುಕೊಂಡು ಮತ್ತೆ ಹೊಲಿಯಿರಿ. ಕಂಕುಳು ಅರ್ಧ ಇಂಚು ಮೇಲೆ ಬರುತ್ತದೆ, ಸುತ್ತು 15½ಕ್ಕೆ ವಾಪಸ್. ಆದರೆ ಅದರ ಜೊತೆ ಇನ್ನೂ ಮೂರು ಮೇಲೇರುತ್ತವೆ: ಕುತ್ತಿಗೆ (ನಿಮಗೆ ಒಳ್ಳೆಯದೇ), ಟಕ್ಸ್ ಪಾಯಿಂಟ್ (ಟಕ್ಸ್‌ಗಳೆಲ್ಲ ಮುಖಮಾಡುವ ಎದೆಯ ತುದಿಯ ಗುರುತು), ಕೆಳಗಿನ ಅಂಚು. ಪಾಯಿಂಟ್ ಶೋಲ್ಡರಿನಿಂದ 10 ಇಂಚಿನಲ್ಲಿದ್ದರೆ 9½ ಆಗುತ್ತದೆ. ಪಕ್ಕದಿಂದ ಬರುವ ಟಕ್ಸ್ ಬಿಚ್ಚಿ ಅರ್ಧ ಇಂಚು ಕೆಳಗಿಳಿಸಿ, ಕೆಳಗಿನಿಂದ ಏರುವ ಟಕ್ಸ್ ಅಷ್ಟೇ ಮೊದಲೇ ನಿಲ್ಲಿಸಿ. ಯಾವ ಟಕ್ಸೂ ಪಾಯಿಂಟಿಗೆ ಮುಟ್ಟಬಾರದು, ಅರ್ಧದಿಂದ ಮುಕ್ಕಾಲು ಇಂಚು ಹಿಂದೆಯೇ ನಿಲ್ಲಬೇಕು, ಇಲ್ಲದಿದ್ದರೆ ಮೊನೆ ಎದ್ದು ಕಾಣುತ್ತದೆ. ಉದ್ದಕ್ಕೆ ಕೆಳಗಿನ ಮಡಿಕೆ ಬಿಚ್ಚಿ ಅದರಲ್ಲಿ ಹೊಂದಿಸಿ.

ಬಾಬಿನ್_ಬಾಕ್ಸ್

ಮೇಲಿನದು ಪೂರ್ತಿ ಸರಿ. ತೋಳಿನ ಲೆಕ್ಕ ಸೇರಿಸುತ್ತೇನೆ, ಅರ್ಧ ತೊಂದರೆ ಅಲ್ಲಿದೆ.

ತೋಳಿನ ಬಟ್ಟೆ ಉದ್ದುದ್ದ ಮಡಿಸಿ. ತೋಳಿನ ಸುತ್ತು 12ಕ್ಕೆ ಒಂದೂವರೆ ಇಂಚು ಸಡಿಲ ಸೇರಿಸಿ 13½, ಅದರ ಅರ್ಧ 6¾. ಮಡಿಕೆಯ ತುದಿಯಿಂದ ಕಂಕುಳ ಗುರುತಿಗೆ ಓರೆಯಾಗಿ ಟೇಪ್ ಹಿಡಿದರೆ ಆರ್ಮ್‌ಹೋಲ್‌ನ ಅರ್ಧ ಬರಬೇಕು, ಅಂದರೆ 15½ಕ್ಕೆ 7¾. ಆಗ ಗುಬ್ಬಿಯ ಎತ್ತರ (ತೋಳಿನ ಮೇಲಿನ ದುಂಡು ಭಾಗ) ಸುಮಾರು 3¾ ಆಗುತ್ತದೆ. ಗೆರೆ ಬಾಗಿಸಿದ ಮೇಲೆ ಉದ್ದ ಸ್ವಲ್ಪ ಹೆಚ್ಚುವುದರಿಂದ 3½ ಇಟ್ಟರೆ ಸಾಕು. ಅದೇ ಆರ್ಮ್‌ಹೋಲ್ 16½ ಆದರೆ ಇದೇ ಅಗಲದ ತೋಳಿಗೆ 4¾ ಎತ್ತರ ಬೇಕಾಗುತ್ತದೆ. ಎತ್ತರ ಜಾಸ್ತಿಯಾದಷ್ಟೂ ತೋಳು ಕೆಳಗೆ ನೇತಾಡಿದಾಗ ಚೆಂದ, ಎತ್ತಿದಾಗ ಹಿಡಿತ. ನೀವು ಬಹುಶಃ 15½ಕ್ಕೆ ಕತ್ತರಿಸಿದ ತೋಳನ್ನೇ 16½ಗೆ ಎಳೆದು ಜೋಡಿಸಿದ್ದೀರಿ. ಓರೆ ಸುಕ್ಕು ಅಲ್ಲಿಂದಲೇ ಬಂದಿರಬೇಕು.

ಇನ್ನು ಜಾರುವ ಕುತ್ತಿಗೆ. ಹಿಂದೆ 9 ಇಂಚು ಇಳಿಸಿದರೆ ಅಗಲದಲ್ಲಿ ಜಿಪುಣತನ ಮಾಡಬೇಕು. ಕುತ್ತಿಗೆ ಅಗಲದ ಅರ್ಧ 2½ಕ್ಕಿಂತ ಹೆಚ್ಚು ಬೇಡ, ಶೋಲ್ಡರ್ ಪಟ್ಟಿ 2¼ ಇರಲಿ. ಶೋಲ್ಡರ್ ಇಳಿಜಾರು ಮುಕ್ಕಾಲು ಇಂಚು ಕೊಡಿ. ಒಂದೇ ಭುಜ ಜಾರುತ್ತಿದೆ ಎಂದರೆ ಆ ಭುಜ ಇನ್ನೊಂದಕ್ಕಿಂತ ಇಳಿದಿದೆ, ಇದು ತುಂಬ ಜನರಿಗೆ ಇರುವುದೇ. ಎಡ ಶೋಲ್ಡರ್ ಹೊಲಿಗೆಯಲ್ಲಿ ತೋಳಿನ ಕಡೆ ಇನ್ನೂ ಕಾಲು ಇಂಚು ಒಳಗೆ ತೆಗೆದು, ಕುತ್ತಿಗೆ ಕಡೆಗೆ ಸೊನ್ನೆ ಮಾಡಿ.

ಕ್ರಾಸ್ ಪೀಸ್ (ಕುತ್ತಿಗೆಯ ಅಂಚಿಗೆ ಹಾಕುವ ಓರೆ ಪಟ್ಟಿ) ಹೊಲಿಯುವಾಗ ಬ್ಲೌಸಿನ ಕುತ್ತಿಗೆಯನ್ನು ಎಳೆದರೆ ಎಷ್ಟೇ ಸರಿಯಾಗಿ ಕತ್ತರಿಸಿದ್ದರೂ ಕುತ್ತಿಗೆ ಅಗಲವಾಗುತ್ತದೆ. ಒಂದೂಕಾಲು ಇಂಚು ಅಗಲದ ಪಟ್ಟಿಯನ್ನು ಪೂರ್ತಿ ಓರೆಗೆ ಕತ್ತರಿಸಿ, ಬಾಗಿನ ಜಾಗದಲ್ಲಿ ಪಟ್ಟಿಯನ್ನು ಮಾತ್ರ ತುಸು ಬಿಗಿ ಹಿಡಿಯಿರಿ. ಬ್ಲೌಸ್ ಮಿಷನ್ ಮೇಲೆ ಸುಮ್ಮನೆ ಮಲಗಿರಲಿ. ಡೋರಿ (ಬೆನ್ನಿಗೆ ಕಟ್ಟುವ ದಾರ) ಬೇಕೆಂದರೆ ಶೋಲ್ಡರ್ ಹೊಲಿಗೆಯಿಂದ ಒಂದೂವರೆ ಇಂಚು ಕೆಳಗೆ ಸೇರಿಸಿ. ಇನ್ನೂ ಕೆಳಗೆ ಕಟ್ಟಿದ ಡೋರಿ ನೋಡಲು ಮಾತ್ರ, ಭುಜ ಹಿಡಿಯುವುದಿಲ್ಲ.

ಖಣದಂಗಡಿ

ಖಣದ್ದು ನಾ ಹೇಳ್ತೀನಿ ನೋಡ್ರಿ. ಖಣ ನೀರಾಗ ಹಾಕಬ್ಯಾಡ್ರಿ. ಲೈನಿಂಗ್ ಅಷ್ಟ ರಾತ್ರಿ ನೀರಾಗ ನೆನಸಿ, ನೆರಳಾಗ ಒಣಗಿಸಿ, ಇಸ್ತ್ರಿ ಮಾಡಿ ಕತ್ತರಸ್ರಿ. ನೆನಸದ ಲೈನಿಂಗ್ ಮೊದಲ ಒಗತಕ್ಕ ಕುಗ್ಗತದ, ಮ್ಯಾಲಿನ ಖಣ ಗುಳ್ಳಿ ಎದ್ದಂಗ ಕಾಣ್ತದ. ಬಿಳಿ ಅರಿವಿ ಒದ್ದಿ ಮಾಡಿ ಖಣದ ಒಳಮಗ್ಗಲ ಒಂದ ಮೂಲ್ಯಾಗ ತಿಕ್ಕಿ ನೋಡ್ರಿ, ಬಣ್ಣ ಹತ್ತಿದ್ರ ತಿಳಿ ಬಣ್ಣದ ಲೈನಿಂಗ್ ಹಾಕಬ್ಯಾಡ್ರಿ.

ಅಂಚು ಎರಡೂ ಮಗ್ಗಲ ಉದ್ದಕ್ಕ ಇರ್ತಾವ. ತೋಳಿನ ತುದಿಗೆ ಅಂಚು ಬರಬೇಕಂದ್ರ ತೋಳನ್ನ ಬಟ್ಟಿ ಅಡ್ಡಕ್ಕ ಇಟ್ಟು ಕತ್ತರಸಬೇಕಾಗ್ತದ. ಒಂದು ತೋಳು ಈ ಅಂಚಿಗೆ, ಇನ್ನೊಂದು ಎದುರಿನ ಅಂಚಿಗೆ. ಮೊದಲ ತೋಳು ಇಟ್ಟು ಗುರುತು ಹಾಕ್ರಿ, ಆಮ್ಯಾಲೆ ಮುಂದಿಂದು, ಹಿಂದಿಂದು. ಉಲ್ಟಾ ಮಾಡಿದ್ರ ಅಂಚು ಸಾಲೂದಿಲ್ಲ. ಅಂಚು ಒಳಗ ಮಡಚಿ ಹೆಮ್ಮಿಂಗ್ ಹಾಕಬ್ಯಾಡ್ರಿ, ಅರ್ಧ ಅಂಚು ಅದರಾಗ ಹೋಗ್ತದ. ಲೈನಿಂಗ್ ಅಂಚಿನ ತುದಿಗೆ ಹೊಲದು ಒಳಗ ಹೊಳ್ಳಸ್ರಿ.

ಎಳಿ ಬಿಡೂ ಬಟ್ಟಿ ಇದು. ಕತ್ತರಿಸಿದ ಕೂಡ್ಲೆ ಓವರ್‌ಲಾಕ್ ಮಾಡ್ರಿ, ಇಲ್ಲಾಂದ್ರ ಸುತ್ತಲೂ ಲೈನಿಂಗ್ ಕೂಡ ಉದ್ದ ಹೊಲಿಗಿ ಹಾಕಿ ಹಿಡೀರಿ. ಮಗ್ಗಲಿಗೆ ಒಂದೂವರಿ ಇಂಚು ಮಾರ್ಜಿನ್ ಬಿಡ್ರಿ. ಸೂಜಿ 11 ನಂಬರ್. 16 ಹಾಕಿದ್ರ ಪ್ರತಿ ತೂತಿನ ಸುತ್ತ ಎಳಿ ಸರೀತಾವ.

ಹೊಲಿಗೆ_ಕಲಿಕೆ

ಎಲ್ಲರಿಗೂ ಧನ್ಯವಾದ. ತೋಳು 15½ಕ್ಕೇ ಕತ್ತರಿಸಿದ್ದು ಹೌದು, ಹಾಗಾಗಿ ಅದು ಹಾಗೇ ಕೂರುತ್ತದೆ. ಒಂದು ಅನುಮಾನ: ಪಕ್ಕದ ಹೊಲಿಗೆ ಹಾಕಿ ಆಮೇಲೆ ತೋಳು ಕೂರಿಸಬೇಕಾ, ಇಲ್ಲ ತೋಳು ಜೋಡಿಸಿ ಒಟ್ಟಿಗೆ ಪಕ್ಕ ಹೊಲಿಯಬೇಕಾ? ಖಣದಲ್ಲಿ ಹೊಲಿಗೆ ಪಕ್ಕ ಎಳೆ ಸರಿದು ಬಿಳಿ ಗೆರೆ ಕಾಣುವುದಕ್ಕೆ ಏನು ಮಾಡುವುದು?

ಕತ್ತರಿ_ಟೇಪು

ಮನೆಯಲ್ಲಿ ಹೊಲಿಯುವ ಬ್ಲೌಸಿಗೆ ತೋಳು ಮೊದಲು, ಪಕ್ಕ ಆಮೇಲೆ. ತೋಳಿನ ತುದಿಯಿಂದ ಕಂಕುಳು ದಾಟಿ ಸೊಂಟದವರೆಗೆ ಒಂದೇ ಓಟದ ಹೊಲಿಗೆ. ಮುಂದೆ ಸಡಿಲ ಮಾಡುವಾಗಲೂ ಒಂದೇ ಸಾಲು ಬಿಚ್ಚಿದರೆ ಆಯಿತು. ತೋಳಿನ ನಡು ಗುರುತು ಶೋಲ್ಡರ್ ಹೊಲಿಗೆಗೆ ಪಿನ್ ಮಾಡಿ, ಅಲ್ಲಿಂದ ಎರಡೂ ಕಡೆಗೆ ಹೊಲಿಯಿರಿ. ಕಂಕುಳಿಂದ ಶುರುಮಾಡಿದರೆ ಉಳಿದ ಬಟ್ಟೆಯೆಲ್ಲ ಕೊನೆಯಲ್ಲಿ ಒಂದೇ ಕಡೆ ನೆರಿಗೆಯಾಗಿ ಸೇರುತ್ತದೆ. ತೋಳಿನ ಹೆಚ್ಚು ಬಾಗಿದ ಬದಿ ಮುಂಭಾಗಕ್ಕೆ ಬರಬೇಕು, ಎಡ ಬಲ ಅದಲುಬದಲಾದರೂ ಸುಕ್ಕು ಬರುತ್ತದೆ.

ಎಳೆ ಸರಿಯುವುದು ಹೊಲಿಗೆಯ ದೋಷಕ್ಕಿಂತ ಹೆಚ್ಚಾಗಿ ಬಿಗಿಯ ದೋಷ. ಎಳೆತವೆಲ್ಲ ಖಣದ ಮೇಲೆ ಬೀಳದೆ ಲೈನಿಂಗ್ ಮೇಲೆ ಬೀಳಬೇಕು. ಅದಕ್ಕೆ ಪ್ರತಿ ಭಾಗದ ಲೈನಿಂಗನ್ನು ಅಗಲದಲ್ಲಿ ಖಣಕ್ಕಿಂತ ಒಂದು ನೂಲು, ಅಂದರೆ ಇಂಚಿನ ಎಂಟನೇ ಒಂದು ಭಾಗ, ಕಡಿಮೆ ಇಟ್ಟು ಅಂಚುಗಳನ್ನು ಸಮ ಹಿಡಿದು ಹೊಲಿಯಿರಿ. ಎದೆ ಸುತ್ತಿಗೆ ಒಂದು ಇಂಚಾದರೂ ಸಡಿಲ ಇರಲಿ. ಅಳತೆ ಬ್ಲೌಸ್ ಹಾಕಿ ಹಾಕಿ ಹಿಗ್ಗಿರುತ್ತದೆ, ಅದರ ಮೇಲೆ ಟೇಪ್ ಇಡಬೇಡಿ, ಮೈ ಅಳತೆಯನ್ನೇ ತೆಗೆಯಿರಿ.

ಖಣದಂಗಡಿ

ಬಗಲಾಗ ಒಂದ ಓರೆ ಪಟ್ಟಿ ಒಳಗಿಂದ ಕೊಟ್ಟು ಹೊಲೀರಿ, ಬೆವರಿಗೆ ಮೊದಲ ಹರಿಯೂದು ಅದ ಜಾಗ. ಇಸ್ತ್ರಿ ಹಬಿ ಇಲ್ಲದ, ಮ್ಯಾಲೆ ಅರಿವಿ ಹಾಸಿ, ಒಳಮಗ್ಗಲಿಂದ ಮಾಡ್ರಿ.