ನೋಹನಿಗೆ ಕೊಟ್ಟ ಮಾತು, ನಮ್ಮ ಕಲಿಯುಗ ಮತ್ತು ಎಂಟನೆಯ ತರಗತಿಯ ಒಂದು ಪ್ರಶ್ನೆ

ಬಳಗದ ಎಲ್ಲರಿಗೂ ನಮಸ್ಕಾರ. ಮಗನ ಸ್ನೇಹಿತರೆಲ್ಲ ಚರ್ಚಿಗೆ ಹೋಗುವ ಮನೆಯವರು, ಹವಾಮಾನ ಬದಲಾವಣೆಯೇ ಸುಳ್ಳೆಂದು ಅವನಿಗೆ ಹೇಳುತ್ತಿದ್ದಾರೆ, ಶಾಲೆ ಬದಲಿಸುವುದು ಒಳ್ಳೆಯದೇ ಎಂದು ಸದಸ್ಯರೊಬ್ಬರು ಕೇಳಿದ್ದರು. ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ, ಡಲ್ಲಾಸಿನ ಉತ್ತರಕ್ಕಿರುವ ಊರೊಂದರಲ್ಲಿ ಹದಿನಾಲ್ಕು ವರ್ಷಗಳಿಂದ ಸಂಸಾರ ಹೂಡಿರುವ ನಮ್ಮ ಮನೆಗೆ ಇದೇ ಪ್ರಶ್ನೆ ಎರಡು ವರ್ಷಗಳ ಹಿಂದೆ ಬಂದಿತ್ತು. ನಾವು ಶಾಲೆ ಬದಲಿಸಲಿಲ್ಲ. ಅದಕ್ಕೆ ಕಾರಣವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಆಗ ಮಗಳು ಎಂಟನೆಯ ತರಗತಿಯಲ್ಲಿದ್ದಳು. ಜಲಪ್ರಳಯ ಇಳಿದ ಮೇಲೆ ದೇವರು ನೋಹನಿಗೆ ಮಾತು ಕೊಟ್ಟಿದ್ದಾನೆ, ಭೂಮಿ ಇರುವವರೆಗೂ ಬಿತ್ತನೆ ಸುಗ್ಗಿ, ಚಳಿ ಸೆಕೆ ನಿಲ್ಲುವುದಿಲ್ಲ, ಆದ್ದರಿಂದ ಮನುಷ್ಯ ಹವೆಯನ್ನು ಕೆಡಿಸಲಾರ ಎಂದು ಅವಳ ಗೆಳತಿ ಹೇಳಿದ್ದಳಂತೆ. ಮಕ್ಕಳ ಮಾತು ಎಂದು ನಾನು ನಕ್ಕುಬಿಟ್ಟೆ, ಹಾಗೆ ನಗಬಾರದಿತ್ತು. ಪಕ್ಕದ ಒಕ್ಲಹೋಮಾದ ಸೆನೆಟರ್ ಆಗಿದ್ದ ಜೇಮ್ಸ್ ಇನ್‌ಹೋಫ್ ಅವರು, ಭೂಮಿ ಬಿಸಿಯಾಗುತ್ತಿಲ್ಲವೆಂದು ವಾದಿಸಲು 2015ರ ಫೆಬ್ರುವರಿಯಲ್ಲಿ ಸೆನೆಟ್ ಸಭಾಂಗಣಕ್ಕೆ ಹಿಮದ ಉಂಡೆ ತಂದು ತೋರಿಸಿದವರು, ಬೈಬಲಿನ ಆದಿಕಾಂಡದ ಅದೇ ವಾಕ್ಯವನ್ನು ತಮ್ಮ ವಾದಕ್ಕೆ ಆಧಾರವಾಗಿ ಹೇಳಿದ್ದರೆಂಬುದು ನನಗೆ ಆಮೇಲೆ ತಿಳಿಯಿತು. ಹದಿಮೂರು ವರ್ಷದ ಹುಡುಗಿ ಅದನ್ನು ತಾನಾಗಿ ಕಟ್ಟಿದ್ದಲ್ಲ, ದೊಡ್ಡವರ ಲೋಕದಿಂದ ಎತ್ತಿಕೊಂಡು ಬಂದಿದ್ದಳು.

ಹಾಗೆಂದು ಧರ್ಮಶ್ರದ್ಧೆಯೇ ಇದರ ಮೂಲ ಎನ್ನಲು ನನಗೆ ಮನಸ್ಸು ಒಪ್ಪುವುದಿಲ್ಲ. ಪ್ಯೂ ಸಂಶೋಧನಾ ಕೇಂದ್ರ 2022ರ ನವೆಂಬರಿನಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಭೂಮಿ ಬಿಸಿಯಾಗುತ್ತಿರುವುದು ಮುಖ್ಯವಾಗಿ ಮನುಷ್ಯರಿಂದಲೇ ಎಂದು ಒಪ್ಪುವವರು ಅಮೆರಿಕದ ವಯಸ್ಕರಲ್ಲಿ ಶೇಕಡ 53, ಬೈಬಲಿನ ಮಾತಿಗೇ ಹೆಚ್ಚು ಒತ್ತು ಕೊಡುವ ಇವ್ಯಾಂಜೆಲಿಕಲ್ ಪಂಗಡದ ಪ್ರಾಟೆಸ್ಟಂಟ್ ಕ್ರೈಸ್ತರಲ್ಲಿ ಶೇಕಡ 32. ಇಷ್ಟು ಓದಿ ಪುಟ ಮುಚ್ಚಿದರೆ ಧರ್ಮವೇ ಅಪರಾಧಿಯಂತೆ ಕಾಣುತ್ತದೆ. ಆದರೆ ಈ ಅಂತರಕ್ಕೆ ದೊಡ್ಡ ಕಾರಣ ರಾಜಕೀಯ ಒಲವು ಎಂದು ಅದೇ ವರದಿ ಹೇಳುತ್ತದೆ. 2006ರಲ್ಲಿ 86 ಮಂದಿ ಇವ್ಯಾಂಜೆಲಿಕಲ್ ಮುಖಂಡರು ಹವಾಮಾನ ಬದಲಾವಣೆಯ ವಿರುದ್ಧ ಕ್ರಮ ಬೇಕೆಂಬ ಹೇಳಿಕೆಗೆ ಸಹಿ ಹಾಕಿದ್ದರು. ಪೋಪ್ ಫ್ರಾನ್ಸಿಸ್ 2015ರಲ್ಲಿ ಇಡೀ ಧರ್ಮಪತ್ರವೊಂದನ್ನು ಭೂಮಿಯ ಪಾಲನೆಗೇ ಮೀಸಲಿಟ್ಟರು. ನಮ್ಮ ಟೆಕ್ಸಸ್ಸಿನ ಲಬಕ್ ಊರಿನ ವಿಶ್ವವಿದ್ಯಾಲಯದಲ್ಲಿ ಹವಾಮಾನ ವಿಜ್ಞಾನಿಯಾಗಿರುವ ಕ್ಯಾಥರೀನ್ ಹೇಹೋ ಸ್ವತಃ ಇವ್ಯಾಂಜೆಲಿಕಲ್ ಕ್ರೈಸ್ತರು, ಪಾದ್ರಿಯೊಬ್ಬರ ಪತ್ನಿ, ಚರ್ಚುಗಳಿಗೂ ಹೋಗಿ ಇದೇ ವಿಷಯವನ್ನು ಮಾತನಾಡುವವರು. ಭೂಮಿಯನ್ನು ಆಳಿರಿ ಎಂಬ ಬೈಬಲಿನ ಒಂದೇ ವಾಕ್ಯದಲ್ಲಿ ಒಬ್ಬರಿಗೆ ಒಡೆತನ ಕಂಡರೆ ಇನ್ನೊಬ್ಬರಿಗೆ ಕಾವಲುಗಾರಿಕೆ ಕಾಣುತ್ತದೆ. ಓದುವವನು ಯಾವ ಗುಂಪಿನಲ್ಲಿ ಕುಳಿತಿದ್ದಾನೆ ಎಂಬುದರ ಮೇಲೆ ಅರ್ಥ ಹೊರಳುತ್ತದೆಯೆಂದೇ ನನಗೆ ಅನಿಸುವುದು.

ನಮ್ಮ ಮನೆಯೊಳಗಿನ ಮಾತಿಗೆ ಬರುತ್ತೇನೆ. ಅದೇ ಬೇಸಿಗೆಯಲ್ಲಿ ಅತ್ತೆಯವರು ಆರು ತಿಂಗಳಿಗೆಂದು ಬಂದಿದ್ದರು. ಮಗಳು ಪ್ರಶ್ನೆಯನ್ನು ಅವರ ಮುಂದಿಟ್ಟಾಗ, ಹೂಬತ್ತಿ ಹೊಸೆಯುತ್ತಿದ್ದವರು ತಲೆಯೆತ್ತದೆ, "ಕಲಿಯುಗ ಕಣಮ್ಮಾ, ಮಳೆ ಕೆಡೋದು, ಬೆಳೆ ಕೆಡೋದು ಎಲ್ಲಾ ಮೊದಲೇ ಬರೆದಿರೋದು" ಎಂದರು. ಗೆಳತಿಯ ದೇವರು ಹವೆ ಕೆಡಲು ಬಿಡುವುದಿಲ್ಲ, ಅಜ್ಜಿಯ ಯುಗಧರ್ಮ ಹವೆ ಕೆಡುವುದನ್ನು ಮೊದಲೇ ಬರೆದಿಟ್ಟಿದೆ, ಎರಡರಲ್ಲೂ ನಮ್ಮ ಕಾರಿನ ಹೊಗೆಗೆ ಪಾತ್ರವೇ ಇಲ್ಲವಲ್ಲ ಎಂದು ಮಗಳು ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ. ಭಾನುವಾರದ ತರಗತಿಯಲ್ಲಿ ನಮ್ಮ ಮಕ್ಕಳು ಗೀತೆಯ ಮೂರನೆಯ ಅಧ್ಯಾಯದಿಂದ ಯಜ್ಞದಿಂದ ಮಳೆ ಎಂಬ ಶ್ಲೋಕವನ್ನು ಬಾಯಿಪಾಠ ಮಾಡುತ್ತಾರೆ. 2019ರ ಜೂನ್‌ನಲ್ಲಿ ಕರ್ನಾಟಕದ ಮುಜರಾಯಿ ಇಲಾಖೆ ದೇವಸ್ಥಾನಗಳಲ್ಲಿ ಮಳೆಗಾಗಿ ಪರ್ಜನ್ಯ ಪೂಜೆ ಮಾಡಿಸಿತು. ನೆರೆಮನೆಯವರ ಆದಿಕಾಂಡಕ್ಕೆ ನಗುವ ನಾವು ನಮ್ಮದನ್ನು ಮಾತ್ರ 'ಸಂಸ್ಕೃತಿ' ಎಂಬ ಬೇರೆ ಕಪಾಟಿನಲ್ಲಿಟ್ಟು ಬೀಗ ಹಾಕುತ್ತೇವೆ. ಎಲ್ಲವೂ ವೇದದಲ್ಲೇ ಇತ್ತು ಎಂದು ಬಳಗದಲ್ಲಿ ಆಗಾಗ ಹರಿದಾಡುವ ಸಂದೇಶಗಳನ್ನು ಇಲ್ಲಿ ಎತ್ತುವುದಿಲ್ಲ, ಬರೆದವರಿಗೆ ಬೇಸರವಾದೀತು.

ನಮ್ಮ ಹಳ್ಳಿಗಳ ದೇವರ ಕಾಡುಗಳನ್ನು ಉಳಿಸಿದ್ದೂ ಭಕ್ತಿಯೇ ಎಂಬುದನ್ನು ನಾನು ಮರೆತಿಲ್ಲ. ಕೊಡಗಿನಲ್ಲಿ ಇಂಥವು ಸಾವಿರಕ್ಕೂ ಹೆಚ್ಚಿವೆ. ಆದರೆ ಬನವನ್ನು ಕಾಯುವ ಭಕ್ತಿ ಗಾಳಿಯ ಲೆಕ್ಕ ಹೇಳಿಕೊಡುವುದಿಲ್ಲ. ಆ ಲೆಕ್ಕಕ್ಕೆ ನನ್ನ ಪತಿ ಮಗಳೊಡನೆ ಒಂದು ವಾರ ಕುಳಿತರು. ಹವಾಯಿಯ ಮೌನಾ ಲೋವಾದಲ್ಲಿ ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಅಳೆಯಲು ತೊಡಗಿದಾಗ ಗಾಳಿಯ ಹತ್ತು ಲಕ್ಷ ಕಣಗಳಲ್ಲಿ ಸುಮಾರು 315 ಇಂಗಾಲದ ಡೈಆಕ್ಸೈಡ್‌ನವು. ಈಗ 420 ದಾಟಿದೆ. ಏರಿದ್ದು ಮನುಷ್ಯನಿಂದಲೇ ಎಂದು ಹೇಗೆ ಗೊತ್ತು ಎಂಬುದು ಮಗಳ ಮುಂದಿನ ಪ್ರಶ್ನೆ. ಕೋಟ್ಯಂತರ ವರ್ಷ ನೆಲದಡಿ ಹೂತಿದ್ದ ಕಲ್ಲಿದ್ದಲು, ತೈಲಗಳಲ್ಲಿ ಕಾಲ ಕಳೆದಂತೆ ತಾನಾಗಿ ಕ್ಷಯಿಸುವ ಇಂಗಾಲ-14 ಎಂಬ ಬಗೆಯ ಇಂಗಾಲ ಪೂರ್ತಿ ಇಲ್ಲವಾಗಿರುತ್ತದೆ, ಅವನ್ನು ಸುಟ್ಟಷ್ಟೂ ಗಾಳಿಯಲ್ಲಿ ಅದರ ಪಾಲು ತೆಳುವಾಗುತ್ತದೆ. ಹಳೆಯ ಕಾಲದ ಮರಕ್ಕಿಂತ ಹೊಸ ಕಾಲದ ಮರದಲ್ಲಿ ಇಂಗಾಲ-14ರ ಪಾಲು ಕಡಿಮೆ ಎಂಬುದನ್ನು ವಿಜ್ಞಾನಿ ಹಾನ್ಸ್ ಸ್ಯೂಸ್ 1955ರಲ್ಲೇ ಗುರುತಿಸಿದ್ದರು. ಭೂಮಿ ಬಿಸಿಯಾಗಲು ಸೂರ್ಯನೇ ಕಾರಣವಾಗಿದ್ದರೆ ವಾತಾವರಣದ ಮೇಲಿನ ಪದರವೂ ಬಿಸಿಯಾಗಬೇಕಿತ್ತು, ಆದರೆ ಅದು ತಣ್ಣಗಾಗುತ್ತಿದೆ. ದೇವರಿದ್ದಾನೆಯೇ ಇಲ್ಲವೇ ಎಂಬ ಪ್ರಶ್ನೆ ಈ ಲೆಕ್ಕದಲ್ಲಿ ಎಲ್ಲೂ ಅಡ್ಡಬರಲಿಲ್ಲವೆಂಬುದು ಅವಳಿಗೇ ಹೊಳೆಯಿತು. ಶಾಲೆಯ ಪಾಠವನ್ನಷ್ಟೇ ನಂಬಿ ಕೂರುವ ಹಾಗೂ ಇಲ್ಲ. 2023ರ ನವೆಂಬರಿನಲ್ಲಿ ಟೆಕ್ಸಸ್ ರಾಜ್ಯ ಶಿಕ್ಷಣ ಮಂಡಳಿ ಎಂಟನೆಯ ತರಗತಿಯ ಹಲವು ವಿಜ್ಞಾನ ಪಠ್ಯಗಳನ್ನು ತಿರಸ್ಕರಿಸಿತು. ಹವಾಮಾನ ಬದಲಾವಣೆಯನ್ನು ಅವು ವಿವರಿಸಿದ ರೀತಿಗೂ ಸದಸ್ಯರ ಆಕ್ಷೇಪವಿತ್ತು.

ಇನ್ನು ನೆರೆಮನೆಯವರು. ಬ್ಯಾಪ್ಟಿಸ್ಟ್ ಚರ್ಚಿಗೆ ವಾರ ತಪ್ಪದೆ ಹೋಗುವ, ಹವೆ ದೇವರ ಕೈಯಲ್ಲಿದೆ ಎಂದು ದೃಢವಾಗಿ ನಂಬುವ ನಿವೃತ್ತರು. 2021ರ ಫೆಬ್ರುವರಿಯ ಹಿಮಗಾಳಿಯಲ್ಲಿ ಕರೆಂಟು ಹೋಗಿ ಮನೆ ಹೆಪ್ಪುಗಟ್ಟಿದಾಗ ಸೌದೆ ಹೊತ್ತು ತಂದು ನಮ್ಮ ಬಾಗಿಲು ತಟ್ಟಿದವರು ಅವರೇ. ಅವರ ಹಿತ್ತಿಲಿನ ಬೇಲಿಗೂಟಕ್ಕೆ ಮಳೆ ಅಳೆಯುವ ಗಾಜಿನ ಕೊಳವೆಯೊಂದಿದೆ. 1991ರಿಂದ ಪ್ರತಿ ಮಳೆಯ ಅಳತೆಯನ್ನೂ ಅಕ್ರೋಟಿನಂಥ ಪೆಕಾನ್ ಕಾಯಿ ಬಿದ್ದ ಮೊದಲ ದಿನವನ್ನೂ ನೀಲಿ ರಟ್ಟಿನ ಪುಸ್ತಕಗಳಲ್ಲಿ ಬರೆದಿಟ್ಟಿದ್ದಾರೆ. ಅದನ್ನು ನೋಡಿದಾಗ ನನಗೆ ಅರಸೀಕೆರೆ ಕಡೆಯ ನಮ್ಮ ತಾತ ನೆನಪಾದರು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎನ್ನುತ್ತಿದ್ದ ತಾತ, ಯಾವ ಮಳೆ ಹುಯ್ಯಿತು, ಯಾವುದು ಕೈಕೊಟ್ಟಿತು ಎಂದು ಪಂಚಾಂಗದ ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದರು. ಊರಿಗೆ ಫೋನ್ ಮಾಡಿ ವಿಚಾರಿಸಿದೆ. ಆ ಪಂಚಾಂಗಗಳಲ್ಲಿ ಅರ್ಧಕ್ಕರ್ಧ ಗೆದ್ದಲು ತಿಂದಿದೆ.

ಮಗಳು ಈಗ ಶನಿವಾರಗಳಂದು ಆ ನೀಲಿ ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸುತ್ತಿದ್ದಾಳೆ, ಆ ಗೆಳತಿಯೂ ಜೊತೆಗೆ ಕೂರುತ್ತಾಳೆ. ಅಂಕಿಗಳು ಏನು ಹೇಳುತ್ತವೆ ಎಂದು ಇಬ್ಬರೂ ಇನ್ನೂ ಜಗಳವಾಡಿಲ್ಲ, 2009ರವರೆಗೆ ಮಾತ್ರ ತಲುಪಿದ್ದಾರೆ. ಮೊನ್ನೆ ಹಿರಿಯರು ಪರದೆಯ ಮೇಲೆ ಬಗ್ಗಿ ನೋಡಿ, ಅದು ಏಳು ಅಲ್ಲ, ಒಂದು, ನನ್ನ ಕೈಬರಹ ಹಾಗೆ ಎಂದು ತಿದ್ದಿಸಿದರು.